ಕಂಪ್ಯೂಟರಿನಲ್ಲಿ ಹೆಸರು ಬಂದ ಮಾತ್ರಕ್ಕೆ ಜಾಗ ನಮ್ಮದಾಗುತ್ತದೆಯೇ? ಕಾಸರಗೋಡಿನಿಂದ ಒಂದು ಬಹಿರಂಗ ಪತ್ರ

ಕೇರಳ ಸರಕಾರದ ಮಾನ್ಯ ಕಂದಾಯ ಸಚಿವರಿಗೆ, ಕಾಸರಗೋಡಿನ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಾಗೂ ಮಂಜೇಶ್ವರ ಮತ್ತು ಕಾಸರಗೋಡು ತಾಲ್ಲೂಕುಗಳಲ್ಲಿ ಅಂಗೈಯಗಲವಾದರೂ ಭೂಮಿ ಹೊಂದಿರುವ ನನ್ನ ನಾಡಬಾಂಧವರಿಗೆ,

ಸವಿನಯ ವಂದನೆಗಳೊಂದಿಗೆ ಬರೆದುಕೊಳ್ಳುವುದೇನೆಂದರೆ, ನಾನು ಈ ಜಿಲ್ಲೆಯ ಒಂದು ಉಪನೋಂದಣಿ ಕಚೇರಿಯ ಎದುರಿನ ಕೋಣೆಯಲ್ಲಿ 38 ವರ್ಷ ದಸ್ತಾವೇಜು ಬರೆದು ನಿವೃತ್ತನಾದವನು. ಕ್ರಯಪತ್ರ, ಪಾಲುಪಟ್ಟಿ, ದಾನಪತ್ರ, ಅಡವುಪತ್ರ, ಹಕ್ಕುಬಿಡುಗಡೆ ಪತ್ರ ಎಂದು ಎಷ್ಟು ಬರೆದಿದ್ದೇನೋ ಲೆಕ್ಕವಿಟ್ಟಿಲ್ಲ. ನಾನು ವಕೀಲನಲ್ಲ. ಆದರೆ ಒಂದು ಜಾಗದ ಹಕ್ಕು ಎಲ್ಲಿ ಹುಟ್ಟಿ, ಯಾರ ಯಾರ ಕೈದಾಟಿ, ಈಗ ಎದುರಿಗೆ ಕುಳಿತಿರುವವರ ಕೈಗೆ ಹೇಗೆ ಬಂತು ಎಂಬುದನ್ನು ಹಳೆಯ ಕಾಗದಗಳಲ್ಲಿ ಹುಡುಕಿ ಪೋಣಿಸುವುದೇ ನನ್ನ ಕಸುಬಾಗಿತ್ತು. ಆ ಕಸುಬಿನ ಬಲದಿಂದಲೇ ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ. ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ ಕೇಳುವುದಿಲ್ಲ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ತನ್ನ ಅಹವಾಲನ್ನು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಪ್ರತಿಯೊಬ್ಬನಿಗೂ ಕೊಟ್ಟಿದೆ.

ಬರೆಯುವುದಕ್ಕೆ ಕಾರಣವಾದ ಘಟನೆ ಚಿಕ್ಕದು. ಮಳೆಗಾಲ ಮುಗಿದ ಮೇಲೆ ನಮ್ಮ ಕಡೆ ನಡೆದ ಡಿಜಿಟಲ್ ಮರುಸರ್ವೆಯ ಶಿಬಿರವೊಂದಕ್ಕೆ, ನಡೆಯಲು ಕಷ್ಟಪಡುವ ನೆರೆಮನೆಯ ಅಕ್ಕನವರ ಜೊತೆಯಾಗಿ ನಾನೂ ಹೋಗಿದ್ದೆ. ಅವರ ಚೀಲದಲ್ಲಿ ಎರಡು ಕಾಗದಗಳಿದ್ದವು. ಒಂದು, ಮೊನ್ನೆ ಮೊನ್ನೆ ಕಟ್ಟಿದ ಭೂತೆರಿಗೆಯ, ಅಂದರೆ ನಾವು ಹಳಬರು ಈಗಲೂ ತೀರ್ವೆ ಎನ್ನುವುದರ, ರಶೀದಿ; ಇನ್ನೊಂದು, ಮದರಾಸು ಸರಕಾರದ ಕಾಲದ, ಮಡಿಕೆಯಲ್ಲಿ ಹರಿದುಹೋಗುತ್ತಿದ್ದ ಕನ್ನಡದ ಪಾಲುಪಟ್ಟಿ. ಮೇಜಿನ ಆಚೆ ಕುಳಿತಿದ್ದ ಯುವಕ ಕನ್ನಡದ ಕಾಗದವನ್ನು ಒಮ್ಮೆ ತಿರುಗಿಸಿ ನೋಡಿ ಬದಿಗಿಟ್ಟ, ರಶೀದಿಯ ಸಂಖ್ಯೆಯನ್ನು ಒತ್ತಿ ಪರದೆ ನೋಡಿದ, ಮತ್ತು ಬಹಳ ಸೌಜನ್ಯದಿಂದಲೇ ಹೇಳಿದ: ‘ಅಮ್ಮಾ, ಇದರಲ್ಲಿ ಹೆಸರು ಬಂದರೆ ಜಾಗ ನಿಮ್ಮದು, ಬರದಿದ್ದರೆ ನಿಮ್ಮದಲ್ಲ. ಆ ಹಳೆಯ ಕಾಗದ ಬೇಡ.’ ಅಕ್ಕನವರ ಹೆಸರು ಬಂದಿತ್ತು, ಅವರು ಸಂತೋಷದಿಂದ ಮನೆಗೆ ಮರಳಿದರು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಆ ಯುವಕನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಹೇಳಿಕೊಟ್ಟಷ್ಟನ್ನು ಅವನು ಹೇಳಿದ. ಆದರೆ ಅವನ ಮಾತಿನ ಎರಡು ಭಾಗಗಳೂ ಕಾನೂನಿನ ಪ್ರಕಾರ ತಪ್ಪು. ಎಷ್ಟು ತಪ್ಪು, ಏಕೆ ತಪ್ಪು ಎಂಬುದನ್ನು ತಮ್ಮ ಗಮನಕ್ಕೆ ತರುವುದೇ ಈ ಪತ್ರದ ಉದ್ದೇಶ.

ಒಡೆತನ ಎಂದರೇನು ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಕಲ್ಲಿನ ಮೇಲೆ ಉತ್ತರ ಕೆತ್ತಿಸಿಟ್ಟಿದ್ದಾರೆ. ಕನ್ನಡದ ದಾನಶಾಸನಗಳನ್ನು ಓದಿದವರಿಗೆ ‘ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ’ ಎಂಬ ಅಷ್ಟಭೋಗ ತೇಜಸ್ವಾಮ್ಯದ ಸಾಲು ಪರಿಚಿತವೇ. ನೆಲದಲ್ಲಿರುವ ನಿಧಿ, ಹೂತಿಟ್ಟದ್ದು, ನೀರು, ಕಲ್ಲು, ಕ್ಷಯಿಸದ ಉತ್ಪತ್ತಿ, ಮುಂದೆ ಬರಬಹುದಾದ ಆದಾಯ, ಈಗಾಗಲೇ ಸಾಗುವಳಿಯಾದದ್ದು, ಮುಂದೆ ಸಾಗುವಳಿ ಮಾಡಬಹುದಾದದ್ದು ಎಂದು ಎಂಟು ಬಗೆಯ ಭೋಗಗಳನ್ನು ಬಿಡಿಬಿಡಿಯಾಗಿ ಎಣಿಸಿ, ಮಕ್ಕಳು ಮೊಮ್ಮಕ್ಕಳ ಪರಂಪರೆಗೆ ಅವೆಲ್ಲ ಸಲ್ಲಬೇಕೆಂದು ಬರೆಯುತ್ತಿದ್ದರು. ಒಡೆತನ ಒಂದೇ ಗಟ್ಟಿ ವಸ್ತುವಾಗಿರದೆ ಹಲವು ಹಕ್ಕುಗಳ ಗಂಟಾಗಿದೆ ಎಂಬ ತಿಳಿವು ಆ ಸಾಲಿನಲ್ಲಿದೆ. ಇಂದಿನ ಕಾನೂನಿನಲ್ಲಿಯೂ ಗಂಟು ಹಾಗೆಯೇ ಇದೆ, ಒಳಗಿನ ಸಾಮಾನು ಮಾತ್ರ ಕೊಂಚ ಬದಲಾಗಿದೆ. 1878ರ ನಿಧಿ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕಿದರೆ ಸರಕಾರಕ್ಕೆ ತಿಳಿಸಬೇಕು, ಹಾಗಾಗಿ ನಿಧಿ ಗಂಟಿನಿಂದ ಬಹುಮಟ್ಟಿಗೆ ಜಾರಿಹೋಯಿತು. ಪಾಷಾಣ ಉಳಿದಿದೆ: ಮಲಬಾರಿನ ಜನ್ಮಭೂಮಿಗಳಿಗೆ, ಅಂದರೆ ಜನ್ಮಿಗಳೆಂಬ ಒಡೆಯರ ವಂಶಪಾರಂಪರ್ಯದ ಭೂಮಿಗಳಿಗೆ, ಸಂಬಂಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ, ನೆಲದಡಿಯ ಖನಿಜದ ಒಡೆತನ ಸಾಮಾನ್ಯವಾಗಿ ನೆಲದ ಒಡೆತನವನ್ನೇ ಹಿಂಬಾಲಿಸುತ್ತದೆ ಎಂದು ಹೇಳಿತು; ಕಲ್ಲು ಕಡಿಯಲು ಪರವಾನಗಿ ಬೇಕೆಂಬುದು ಬೇರೆ ಮಾತು.

ಇನ್ನು ಇಂಗ್ಲಿಷಿನಿಂದ ಬಂದು ನಮ್ಮ ಬಾಯಲ್ಲಿ ಉಳಿದಿರುವ ‘ಟೈಟಲ್’ ಎಂಬ ಮಾತು. ಒಡೆತನ ಆ ಹಕ್ಕುಗಳ ಗಂಟಾದರೆ, ಆ ಗಂಟು ನನ್ನ ಕೈಗೆ ಹೇಗೆ ಬಂತು ಎಂಬ ಪ್ರಶ್ನೆಗೆ ಕಾನೂನು ಒಪ್ಪುವಂಥ ಉತ್ತರವೇ ಟೈಟಲ್. ನಾನು ಅದನ್ನು ಹಕ್ಕಿನ ಮೂಲ ಎಂದು ಕರೆಯುತ್ತೇನೆ. ಕೊಂಡದ್ದೋ, ಪಾಲಿಗೆ ಬಂದದ್ದೋ, ದಾನವಾಗಿ ಸಿಕ್ಕಿದ್ದೋ, ಮರಣಶಾಸನದಿಂದ ಬಂದದ್ದೋ, ಸರಕಾರ ಮಂಜೂರು ಮಾಡಿದ್ದೋ, ಭೂಸುಧಾರಣೆಯಿಂದ ದೊರೆತದ್ದೋ, ಏನಾದರೂ ಒಂದು ಘಟನೆ ನಡೆದಿರಬೇಕು, ಮತ್ತು ಆ ಘಟನೆಯನ್ನು ಕಾನೂನು ಮಾನ್ಯ ಮಾಡಬೇಕು. ಕಾಗದವು ಆ ಘಟನೆಗೆ ಸಾಕ್ಷಿ. ಕೆಲವೊಮ್ಮೆ, ಉದಾಹರಣೆಗೆ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಸ್ವತ್ತಿನ ಮಾರಾಟದಲ್ಲಿ, 1882ರ ಸ್ವತ್ತು ಹಸ್ತಾಂತರ ಕಾಯಿದೆಯ 54ನೆಯ ಕಲಂ ಪ್ರಕಾರ ನೋಂದಾಯಿತ ಪತ್ರವಿಲ್ಲದೆ ಮಾರಾಟವೇ ನಡೆದಂತಾಗುವುದಿಲ್ಲ. ಮತ್ತೆ ಕೆಲವೊಮ್ಮೆ ಕಾಗದವೇ ಇಲ್ಲದೆ ಹಕ್ಕು ದಾಟಿಬಿಡುತ್ತದೆ. ನಮ್ಮ ಜಿಲ್ಲೆಯ ಮುಸ್ಲಿಂ ಬಾಂಧವರಲ್ಲಿ ಕೊಡುವವರ ಘೋಷಣೆ, ಪಡೆಯುವವರ ಸ್ವೀಕಾರ, ಸ್ವಾಧೀನದ ಹಸ್ತಾಂತರ ಈ ಮೂರೂ ನಡೆದರೆ ಬಾಯಿಮಾತಿನ ಹಿಬಾ, ಅಂದರೆ ದಾನ, ಊರ್ಜಿತವಾಗುತ್ತದೆ. ತಂದೆ ತೀರಿಕೊಂಡ ಕ್ಷಣದಲ್ಲೇ ಮಕ್ಕಳ ಹಕ್ಕು ಹುಟ್ಟುತ್ತದೆ. ಅದಕ್ಕೆ ಯಾವ ಕಚೇರಿಯ ಮುದ್ರೆಯೂ ಬೇಕಿಲ್ಲ.

ಇಲ್ಲಿ ಒಂದು ಭಾಷೆಯ ತೊಡಕನ್ನು ಹೇಳದೆ ಮುಂದೆ ಹೋಗಲಾರೆ. ಮಲಯಾಳದಲ್ಲಿ ‘ಅವಕಾಶಂ’ ಎಂದರೆ ಹಕ್ಕು, ‘ಅವಕಾಶಿ’ ಎಂದರೆ ವಾರಸುದಾರ. ನಮ್ಮ ಕನ್ನಡದಲ್ಲಿ ಅವಕಾಶವೆಂದರೆ ಎಡೆ, ಅನುಕೂಲ, ಸಂದರ್ಭ. ಅಲ್ಲಿ ‘ಆಧಾರಂ’ ಎಂದರೆ ದಸ್ತಾವೇಜು; ಇಲ್ಲಿ ಆಧಾರವೆಂದರೆ ಆಸರೆ ಅಥವಾ ಪ್ರಮಾಣ, ಇತ್ತೀಚೆಗೆ ಕೇಂದ್ರ ಸರಕಾರದ ಗುರುತುಚೀಟಿಯೂ ಹೌದು. ಮೂಲ ಆಧಾರ ತನ್ನಿ ಎಂದಾಗ ಗುರುತುಚೀಟಿ ಹಿಡಿದುಕೊಂಡು ಬಂದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದು ನಗುವ ವಿಷಯ. ಆದರೆ ನೋಟೀಸಿನಲ್ಲಿ ‘ಅವಕಾಶ’ವಿದ್ದರೆ ತಿಳಿಸಿರಿ ಎಂಬರ್ಥದ ಮಲಯಾಳ ವಾಕ್ಯವನ್ನು ಬಿಡುವಿದ್ದರೆ ಬನ್ನಿ ಎಂದು ಓದಿಕೊಂಡು ಮನೆಯಲ್ಲಿ ಕುಳಿತುಬಿಟ್ಟ ಹಿರಿಯರೊಬ್ಬರು, ಆಕ್ಷೇಪಣೆಯ ಅವಧಿ ದಾಟಿದ ಮೇಲೆ ನನ್ನ ಕೋಣೆಗೆ ಬಂದಾಗ ನಗು ಬರಲಿಲ್ಲ.

ಹಾಗಾದರೆ ನೋಂದಣಿಯಾದ ಕ್ರಯಪತ್ರ ಇದ್ದರೆ ಸಾಕೇ? ಬಹಳ ಜನ ಸಾಕೆಂದು ನಂಬಿದ್ದಾರೆ. ನಮ್ಮ ದೇಶದ 1908ರ ನೋಂದಣಿ ಕಾಯಿದೆ ದಸ್ತಾವೇಜನ್ನು ನೋಂದಾಯಿಸುತ್ತದೆ, ಹಕ್ಕನ್ನು ಅಲ್ಲ. ತನ್ನದಲ್ಲದ್ದನ್ನು ಯಾರೂ ಮಾರಲಾರರು. ಇಲ್ಲದ ಹಕ್ಕನ್ನು ಮಾರಿದವನ ಪತ್ರಕ್ಕೆ ಎಷ್ಟು ಮುದ್ರೆ ಬಿದ್ದರೂ ಕೊಂಡವನಿಗೆ ಸಿಗುವುದು ಆ ಇಲ್ಲದ ಹಕ್ಕೇ. ಮಾರುವವನಿಗೆ ಹಕ್ಕಿದೆಯೇ ಎಂದು ಉಪನೋಂದಣಾಧಿಕಾರಿ ವಿಚಾರಣೆ ಮಾಡಿ ತೀರ್ಮಾನಿಸುವ ಹಾಗಿಲ್ಲ. ಹಕ್ಕನ್ನು ಸಾಬೀತುಪಡಿಸದಿದ್ದರೆ ನೋಂದಣಿ ನಿರಾಕರಿಸಬಹುದೆಂದು ತಮಿಳುನಾಡು ಮಾಡಿಕೊಂಡಿದ್ದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯವು 2025ರ ಏಪ್ರಿಲಿನಲ್ಲಿ ರದ್ದುಪಡಿಸಿದ್ದು ಇದೇ ಕಾರಣದಿಂದ. ಋಣಭಾರ ಪತ್ರದಲ್ಲಿ ಸಹ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ನೋಂದಾಯಿಸದ ಮರಣಶಾಸನವಾಗಲಿ, ಬಾಯಿಮಾತಿನ ಹಿಬಾ ಆಗಲಿ, ನ್ಯಾಯಾಲಯದಲ್ಲಿ ಕುಳಿತಿರುವ ದಾವೆಯಾಗಲಿ ಅದರಲ್ಲಿ ಕಾಣಿಸಬೇಕೆಂದಿಲ್ಲ. ದುಬೈ, ಅಬುಧಾಬಿಗಳಲ್ಲಿ ದುಡಿಯುವ ನಮ್ಮ ಹುಡುಗರು ಕರಾರುಪತ್ರ ಮತ್ತು ಮುಕ್ತ್ಯಾರುನಾಮೆಯ ಮೇಲೆ ಪೂರ್ತಿ ಹಣ ಕೊಟ್ಟು ಜಾಗ ಕೊಂಡೆವೆಂದು ನೆಮ್ಮದಿಯಾಗಿರುತ್ತಾರೆ. ಅಂಥ ಕಾಗದಗಳಿಂದ ಒಡೆತನ ದಾಟುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ಮುಕ್ತ್ಯಾರು ಕೊಟ್ಟವನು ಸತ್ತರೆ ಸಾಮಾನ್ಯವಾಗಿ ಮುಕ್ತ್ಯಾರೂ ಅವನ ಜೊತೆಗೇ ಹೋಗುತ್ತದೆ.

1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟಾರೆನ್ಸ್ ಎಂಬವನು ತಂದ ಪದ್ಧತಿಯಲ್ಲಿ ಸರಕಾರದ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯ, ಅದಕ್ಕೆ ಸರಕಾರವೇ ಜಾಮೀನು. ಅಂಥ ಖಾತರಿಯ ವ್ಯವಸ್ಥೆ ನಮಗೂ ಬೇಕೆಂದು ಯೋಜನಾ ಆಯೋಗಕ್ಕಾಗಿ ಡಿ. ಸಿ. ವಾಧ್ವಾ ಅವರು 1989ರಲ್ಲಿ ವರದಿ ಕೊಟ್ಟರು. ಕೇರಳದಲ್ಲಿ ಅದು ಇನ್ನೂ ಬಂದಿಲ್ಲ. ಇಲ್ಲಿ ಈಗಲೂ ಇಬ್ಬರು ವಾದಿಸಿದರೆ ಯಾರ ಹಕ್ಕಿನ ಮೂಲ ಗಟ್ಟಿಯೋ ಅವರ ಪರವಾಗಿ ಸಿವಿಲ್ ನ್ಯಾಯಾಲಯ ಹೇಳಬೇಕು. ಅಲ್ಲಿಯವರೆಗೆ ಉಳಿದದ್ದೆಲ್ಲ ಊಹೆ. ಸರಕಾರ ಜಾಮೀನು ನಿಲ್ಲದಿರುವಾಗ, ಜಾಮೀನು ನಿಂತವರ ಧಾಟಿಯಲ್ಲಿ ಅದರ ನೌಕರರು ಮಾತನಾಡಬಾರದು ಎಂಬುದಷ್ಟೇ ನನ್ನ ತಕರಾರು.

ಗ್ರಾಮ ಕಚೇರಿಯ ಕಾಗದಗಳ ಬೆಲೆಯನ್ನು ಸರಕಾರದ ನಿಯಮವೇ ಕಟ್ಟಿದೆ. ಪೋಕುವರವು ಎಂದು ಕರೆಯುವ ಹೆಸರು ಬದಲಾವಣೆ ನಡೆಯುವುದು 1966ರ ನಿಯಮಗಳ ಪ್ರಕಾರ. ಅವುಗಳಲ್ಲಿ 16ನೆಯ ನಿಯಮವು, ಈ ವಿಚಾರಣೆ ಮತ್ತು ತೀರ್ಮಾನ ತೆರಿಗೆ ವಸೂಲಿಯ ಅನುಕೂಲಕ್ಕಾಗಿ ಮಾಡಿದ ಏರ್ಪಾಡು ಮಾತ್ರ, ಅದರಿಂದ ಆ ಭೂಮಿಯ ಮೇಲೆ ಯಾರ ಕಾನೂನುಬದ್ಧ ಹಕ್ಕಿಗೂ ಬಾಧೆಯಿಲ್ಲ ಎಂಬ ಅರ್ಥದ ಮಾತನ್ನು ನೇರವಾಗಿ ಹೇಳುತ್ತದೆ. ಕಂದಾಯ ದಾಖಲೆಯ ಹೆಸರು ಹಕ್ಕನ್ನು ಹುಟ್ಟಿಸುವುದೂ ಇಲ್ಲ, ಅಳಿಸುವುದೂ ಇಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿದ್ದನ್ನು ಆಮೇಲೆಯೂ ಹಲವು ಸಲ ಎತ್ತಿ ಹೇಳಿದೆ. ತಲಪಾಡಿಯ ಆಚೆ ನಮ್ಮ ನೆಂಟರ ಕೈಯಲ್ಲಿರುವ ಪಹಣಿಗೆ ಕರ್ನಾಟಕದ ಭೂಕಂದಾಯ ಕಾಯಿದೆಯ 133ನೆಯ ಕಲಮು, ಬೇರೆ ರೀತಿ ಸಾಬೀತಾಗುವವರೆಗೆ ಸರಿಯೆಂದು ಭಾವಿಸಬೇಕೆಂಬ ಒಂದು ಮೆಟ್ಟಿಲನ್ನಾದರೂ ಕೊಟ್ಟಿದೆ. ಗಡಿಯ ಈಚೆ ನಮ್ಮ ಕೈಯಲ್ಲಿರುವ ತೀರ್ವೆ ರಶೀದಿಯನ್ನು ಅದರ ಸಮಕ್ಕೆ ಹಿಡಿಯಲಾಗದು. ಎರಡೂ ಕಡೆ ಜಾಗವಿರುವ ಕುಟುಂಬಗಳು ಒಂದರ ಲೆಕ್ಕದಲ್ಲಿ ಇನ್ನೊಂದನ್ನು ತೂಗಿ ಮೋಸಹೋಗುವುದನ್ನು ನೋಡಿದ್ದೇನೆ.

ರಶೀದಿ ಕಸಕ್ಕೆ ಸಮ ಎಂದು ನಾನು ಹೇಳುತ್ತಿಲ್ಲ. ವರ್ಷಾನುಗಟ್ಟಲೆ ತೀರ್ವೆ ಕಟ್ಟಿದ್ದು ಸ್ವಾಧೀನಕ್ಕೆ ಸಾಕ್ಷಿ, ಮತ್ತು ಸ್ವಾಧೀನದಲ್ಲಿ ಇದ್ದವನನ್ನು ಒಡೆಯನಲ್ಲ ಎನ್ನುವವನೇ ಅದನ್ನು ರುಜುವಾತುಪಡಿಸಬೇಕೆಂಬುದು ಸಾಕ್ಷ್ಯ ಕಾನೂನಿನ ಹಳೆಯ ಮಾತು. ಖಾಸಗಿ ಭೂಮಿಯಲ್ಲಿ 12 ವರ್ಷ, ಸರಕಾರಿ ಭೂಮಿಯಲ್ಲಿ 30 ವರ್ಷ ಬಹಿರಂಗವಾಗಿ, ಒಡೆಯನ ಹಕ್ಕನ್ನು ಧಿಕ್ಕರಿಸಿ, ಎಡೆಬಿಡದೆ ಅನುಭೋಗಿಸಿದ್ದರೆ ಅದರಿಂದಲೇ ಹಕ್ಕು ಹುಟ್ಟಬಹುದು. ಆದರೆ ಒಡೆಯನ ಅನುಮತಿಯಿಂದ ಕುಳಿತವನು ನೂರು ವರ್ಷ ಕುಳಿತರೂ ಅನುಮತಿಯಿಂದ ಕುಳಿತವನೇ.

ತಾಯಿಯ ಕಡೆಯಿಂದ ಆಸ್ತಿ ಸಾಗುವ ನಮ್ಮ ಅಳಿಯಸಂತಾನದ ಮನೆತನಗಳಲ್ಲಿ ಈ ಭೇದ ಅಂಗೈ ನೆಲ್ಲಿಯಷ್ಟು ಸ್ಪಷ್ಟ. ಪುಸ್ತಕದಲ್ಲಿ ಯಜಮಾನನ ಅಥವಾ ಯಜಮಾಂತಿಯ ಹೆಸರು ಇರುತ್ತಿತ್ತು, ತೀರ್ವೆ ಕಟ್ಟುತ್ತಿದ್ದುದೂ ಅವರೇ. ಆಸ್ತಿ ಮಾತ್ರ ಇಡೀ ಕುಟುಂಬದ್ದು. 1975ರ ಕೇರಳ ಅವಿಭಕ್ತ ಕುಟುಂಬ ಪದ್ಧತಿ ರದ್ದತಿ ಕಾಯಿದೆ 1976ರ ಡಿಸೆಂಬರ್ 1ರಿಂದ ಜಾರಿಗೆ ಬಂದಾಗ, ಅಂದು ಇದ್ದ ಸದಸ್ಯರೆಲ್ಲ ತಮ್ಮ ತಮ್ಮ ಪಾಲಿಗೆ ಪ್ರತ್ಯೇಕ ಹಕ್ಕುಳ್ಳ ಸಹ ಒಡೆಯರಾದರು. ಪುಸ್ತಕದಲ್ಲಿ ಮಾತ್ರ ಎಷ್ಟೋ ಕಡೆ ಆ ಒಂದೇ ಹೆಸರು ಉಳಿಯಿತು. ಈಗ ಆ ಯಜಮಾನನ ಮಗ ಬಂದು ಅಪ್ಪನ ಹೆಸರಿನಿಂದ ತನ್ನ ಹೆಸರಿಗೆ ಪೋಕುವರವು ಮಾಡಿಸಿಕೊಂಡರೆ, ಪರದೆಯ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಅಪ್ಪನ ಅಕ್ಕತಂಗಿಯರು ಮತ್ತು ಅವರ ಸಂತಾನ ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಹೆಣ್ಣುಮಕ್ಕಳ ಮೂಲಕ ಆಸ್ತಿ ಸಾಗಿಬಂದ ನಾಡಿನಲ್ಲಿ ಕಂಪ್ಯೂಟರು ಹೆಣ್ಣುಮಕ್ಕಳನ್ನೇ ಮೊದಲು ಕೈಬಿಡುತ್ತಿರುವುದು ನನ್ನಂಥವನಿಗೆ ಅರಗದ ಮಾತು.

ಈಗ ಸಚಿವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಗೆ ಬರುತ್ತೇನೆ. ಕಾಸರಗೋಡಿನ ಹಕ್ಕಿನ ಮೂಲ ತಿರುವಾಂಕೂರಿನಲ್ಲಿ ಇಲ್ಲ, ಕೊಚ್ಚಿಯಲ್ಲಿಯೂ ಇಲ್ಲ. ಮಲಬಾರಿನ ಜನ್ಮಿ ಪದ್ಧತಿಗೂ ಅದು ಪೂರ್ತಿ ಸೇರಿದ್ದಲ್ಲ. 1956ರ ನವೆಂಬರ್ 1ರವರೆಗೆ ನಾವು ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರು. 1799ರಲ್ಲಿ ಕೆನರಾ ಪ್ರಾಂತ್ಯವು ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಬಂದಾಗ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ, ಇಲ್ಲಿನ ಭೂಮಿ ಮಾರಾಟಕ್ಕೂ ಅಡವಿಗೂ ವಾರಸಿಗೂ ಒಳಪಟ್ಟ ಖಾಸಗಿ ಸ್ವತ್ತೆಂಬುದನ್ನು ಕಂಡು ಹಾಗೆಯೇ ವರದಿ ಮಾಡಿದ. ಇಲ್ಲಿ ಭೂಮಿ ವರ್ಗಗಳಾಗಿ, ಅಂದರೆ ಒಬ್ಬೊಬ್ಬರ ಹೆಸರಿನಲ್ಲಿ ತೀರ್ವೆ ಕಟ್ಟುವ ಹಿಡುವಳಿಗಳಾಗಿ, ದಾಖಲಾಗಿತ್ತು. ವರ್ಗದಾರನ ಕೆಳಗೆ ಮೂಲಗೇಣಿಯವನು ಶಾಶ್ವತವಾಗಿ, ನಿಗದಿಯಾದ ಗೇಣಿಗೆ, ಮಕ್ಕಳ ಕಾಲಕ್ಕೂ ಸಲ್ಲುವಂತೆ ಭೂಮಿ ಹಿಡಿಯುತ್ತಿದ್ದ; ವಾಯಿದೆಗೇಣಿಯವನು ಒಂದು ಅವಧಿಗೆ; ಚಾಲಗೇಣಿಯವನು ಒಡೆಯ ಬೇಡವೆಂದರೆ ಎದ್ದುಹೋಗಬೇಕಾದವನು. ಒಂದೇ ಗದ್ದೆಯ ಮೇಲೆ ಮೂವರ ಹಕ್ಕು ಒಂದರ ಮೇಲೊಂದು ಪದರವಾಗಿ ಕುಳಿತಿರುತ್ತಿತ್ತು, ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಸರಕಾರದ ಪಟ್ಟೆಯಲ್ಲಿ ಇದ್ದದ್ದು ಒಬ್ಬನದೇ ಹೆಸರು.

ನಮ್ಮ ಭೂಮಿಯ ಈ ಬೇರೆತನ ದೇಶದ ಸಂವಿಧಾನವನ್ನೇ ತಿದ್ದಿಸಿದ ಸಂಗತಿ ಇಂದಿನ ನೌಕರರಿಗೆ ತಿಳಿದಿರಲಿಕ್ಕಿಲ್ಲ. ಕೇರಳದ 1961ರ ಕೃಷಿ ಸಂಬಂಧ ಕಾಯಿದೆಯನ್ನು ಪ್ರಶ್ನಿಸಿ ಆಗಿನ ಹೊಸದುರ್ಗ ಮತ್ತು ಕಾಸರಗೋಡು ತಾಲ್ಲೂಕುಗಳ ಭೂಹಿಡುವಳಿದಾರರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಕರಿಂಬಿಲ್ ಕುಞ್ಞಿಕೋಮನ್ ಪ್ರಕರಣ ಎಂದು ಕಾನೂನು ಪುಸ್ತಕಗಳಲ್ಲಿ ಹೆಸರಾದ ಆ ಮೊಕದ್ದಮೆಯಲ್ಲಿ, ದಕ್ಷಿಣ ಕನ್ನಡದಿಂದ ಬಂದ ಈ ರೈತವಾರಿ ಭೂಮಿಗಳು, ಅಂದರೆ ಹಿಡುವಳಿದಾರನೇ ನೇರವಾಗಿ ಸರಕಾರಕ್ಕೆ ತೀರ್ವೆ ಕಟ್ಟುವ ಭೂಮಿಗಳು, ಭೂಸುಧಾರಣೆಯ ಕಾಯಿದೆಗಳನ್ನು ಮೂಲಭೂತ ಹಕ್ಕಿನ ಆಕ್ಷೇಪದಿಂದ ಕಾಯುವ ಸಂವಿಧಾನದ 31ಎ ಅನುಚ್ಛೇದ ಹೇಳುವ ‘ಎಸ್ಟೇಟ್’ ಅಲ್ಲ, ಆದುದರಿಂದ ಆ ಅನುಚ್ಛೇದದ ರಕ್ಷಣೆ ಇಲ್ಲಿ ಕಾಯಿದೆಗೆ ಸಿಗದು ಎಂದು 1961ರ ಡಿಸೆಂಬರಿನಲ್ಲಿ ತೀರ್ಪಾಗಿ, ಈ ಭೂಮಿಗಳ ಮಟ್ಟಿಗೆ ಕಾಯಿದೆ ಬಿದ್ದುಹೋಯಿತು. ರೈತವಾರಿ ಭೂಮಿಯನ್ನೂ ‘ಎಸ್ಟೇಟ್’ ಎಂಬುದರೊಳಗೆ ಸೇರಿಸಲು 1964ರಲ್ಲಿ ಸಂವಿಧಾನಕ್ಕೆ 17ನೆಯ ತಿದ್ದುಪಡಿ ಮಾಡಬೇಕಾಯಿತು. ಆಮೇಲೆಯೇ 1963ರ ಕೇರಳ ಭೂಸುಧಾರಣಾ ಕಾಯಿದೆ ಗಟ್ಟಿ ನೆಲದ ಮೇಲೆ ನಿಂತಿತು. 1970ರ ಜನವರಿ 1ರಂದು ಗೇಣಿದಾರರ ಸಾಗುವಳಿಯಲ್ಲಿದ್ದ ಭೂಮಿಯ ಮೇಲಿನ ಒಡೆಯರ ಮತ್ತು ನಡುವಿನವರ ಹಕ್ಕುಗಳು ಸರಕಾರಕ್ಕೆ ಸೇರಿದವು. ಭೂನ್ಯಾಯಮಂಡಳಿಗಳು ಅವನ್ನು ಗೇಣಿದಾರರಿಗೆ ಕೊಟ್ಟು ಕ್ರಯ ಸರ್ಟಿಫಿಕೇಟು ಬರೆದವು. ನಾನು ಮೇಲೆ ಕಾಗದದ ಬಗ್ಗೆ ಹೇಳಿದ ಸಾಮಾನ್ಯ ಮಾತಿಗೆ ಈ ಕಾಗದ ಒಂದು ಅಪವಾದ: ಕಾಯಿದೆಯ 72ಕೆ ಕಲಂ ಪ್ರಕಾರ ಒಡೆಯನ ಹಕ್ಕು ಗೇಣಿದಾರನಿಗೆ ಬಂದುದಕ್ಕೆ ಅದು ನಿರ್ಣಾಯಕ ಪುರಾವೆ. ಉಳುತ್ತಿದ್ದವರನ್ನು ಒಡೆಯರನ್ನಾಗಿ ಮಾಡಿದ ಆ ಕಾಗದ ಎಷ್ಟೋ ಮನೆಗಳಲ್ಲಿ ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿದೆ, ಕೆಳಗೆ ಚಾವಡಿಯಲ್ಲಿ ತೀರ್ವೆ ರಶೀದಿಗೆ ಪ್ಲಾಸ್ಟಿಕ್ ಹೊದಿಸಿ ಜೋಪಾನ ಮಾಡಲಾಗುತ್ತಿದೆ.

ಆದುದರಿಂದ ಇಲ್ಲಿನ ಜಾಗವೊಂದರ ಹಕ್ಕನ್ನು ಬೇರಿನವರೆಗೆ ಅರಸಿದರೆ ಬಹುತೇಕ ಸಿಗುವುದು ಕನ್ನಡದ ಕಾಗದ: ಮೂಲಗೇಣಿ ಚೀಟು, ಪಾಲುಪಟ್ಟಿ, ಅಡವುಪತ್ರ. ಅದರಲ್ಲಿ ಗದ್ದೆಯ ಅಳತೆ, ಬಿತ್ತಲು ಬೇಕಾದ ಬೀಜದ ಲೆಕ್ಕದಲ್ಲಿ, ಇಷ್ಟು ಮುಡಿ ಬೀಜವರಿ ಎಂದಿರುತ್ತದೆ. ನೆಲ ಬೈಲೋ ಮಜಲೋ ಬೆಟ್ಟೋ ಎಂದಿರುತ್ತದೆ. ಚೆಕ್ಕುಬಂದಿಯಲ್ಲಿ ಮೂಡಲಿಗೆ ತೋಡು, ತೆಂಕಲಿಗೆ ಅಗಳು, ಪಡುವಲಿಗೆ ಕಟ್ಟಹುಣಿ ಎಂದಿರುತ್ತದೆ. ಹೊಸ ದಾಖಲೆಯಲ್ಲಿ ಇರುವುದು ಹೆಕ್ಟೇರು ಮತ್ತು ಆರ್. ವಿಸ್ತೀರ್ಣಕ್ಕೂ ಸ್ಪಷ್ಟವಾದ ಚೆಕ್ಕುಬಂದಿಗೂ ತಾಳೆಯಾಗದಿದ್ದಾಗ ನ್ಯಾಯಾಲಯಗಳು ಸಾಮಾನ್ಯವಾಗಿ ಚೆಕ್ಕುಬಂದಿಯ ಪರವಾಗಿ ನಿಲ್ಲುತ್ತವೆ. ಹಾಗಿರುವಾಗ ಚೆಕ್ಕುಬಂದಿಯನ್ನು ಓದಲು ಬರುವವರೇ ಶಿಬಿರದಲ್ಲಿ ಇಲ್ಲವೆಂದಾದರೆ, ಮತ್ತು 30 ವರ್ಷ ಮೀರಿದ, ಸರಿಯಾದ ಕೈಯಿಂದ ಬಂದ ದಸ್ತಾವೇಜನ್ನು ಸಾಚಾ ಎಂದು ಭಾವಿಸಬಹುದೆಂದು ಕಾನೂನೇ ಹೇಳುವಾಗ ಅದನ್ನು ‘ಬೇಡ’ ಎಂದು ಬದಿಗಿಡುವುದಾದರೆ, ಉಪಗ್ರಹದ ಮೂಲಕ ಸೆಂಟಿಮೀಟರಿನ ನಿಖರತೆಯಿಂದ ಅಳೆದರೂ ಅಳೆದದ್ದು ತಪ್ಪು ಗೆರೆಯನ್ನೇ.

ಕುಮ್ಕಿಯ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಇಲ್ಲಿ ತಪ್ಪು ನಮ್ಮವರದು. ಫಸಲಿ 1276ರೊಳಗೆ, ಅಂದರೆ 1866–67ರೊಳಗೆ, ಆದ ಕದೀಂ (ಹಳೆಯ) ವರ್ಗದ ಸುತ್ತ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವು ಪಡೆಯುವ ವಿಶೇಷಾಧಿಕಾರವೇ ಕುಮ್ಕಿ. ಅದು ಸವಲತ್ತು, ಒಡೆತನವಲ್ಲ. ಅದನ್ನು ತನ್ನ ವರ್ಗದ ಜಾಗದಂತೆ ಬೇಲಿ ಹಾಕಿ ಮಾರಿದವರ ಪತ್ರಗಳನ್ನು ಬರೆಯುವುದಿಲ್ಲವೆಂದು ನಾನು ಹಿಂದಿರುಗಿಸಿದ್ದುಂಟು. ಅವರು ಬೇರೆ ಕೋಣೆಗೆ ಹೋಗಿ ಬರೆಸಿಕೊಂಡದ್ದೂ ಉಂಟು.

ಮರುಸರ್ವೆಯ ಕಾನೂನಿನ ಪರಿಣಾಮವಂತೂ ಜನರಿಗೆ ಸ್ವಲ್ಪವೂ ತಿಳಿದಿಲ್ಲ. 1961ರ ಕೇರಳ ಸರ್ವೆ ಮತ್ತು ಗಡಿ ಕಾಯಿದೆಯ 13ನೆಯ ಕಲಂ ಪ್ರಕಾರ ಸರ್ವೆ ಪೂರ್ಣಗೊಂಡಿತೆಂಬ ಅಧಿಸೂಚನೆ ಹೊರಟ ಮೇಲೆ, ಸಿವಿಲ್ ನ್ಯಾಯಾಲಯದ ಡಿಕ್ರಿಯಿಂದ ಬದಲಾಗದ ಹೊರತು, ಗಡಿಗಳು ಸರಿಯಾಗಿ ನಿರ್ಧಾರವಾಗಿವೆ ಎಂಬುದಕ್ಕೆ ಸರ್ವೆ ದಾಖಲೆಯೇ ನಿರ್ಣಾಯಕ ಪುರಾವೆ. ಅದನ್ನು ಪ್ರಶ್ನಿಸಿ ದಾವೆ ಹೂಡಲು 14ನೆಯ ಕಲಂ ಕೊಡುವ ಕಾಲ ಮೂರೇ ವರ್ಷ. ಗಡಿ ಎಲ್ಲಿ ಎಂಬುದು ಒಂದು ಪ್ರಶ್ನೆ, ಗಡಿಯೊಳಗಿನ ಜಾಗ ಯಾರದು ಎಂಬುದು ಇನ್ನೊಂದು. ಎರಡನೆಯದನ್ನು ತೀರ್ಮಾನಿಸುವ ಅಧಿಕಾರ ಸರ್ವೆ ಇಲಾಖೆಗೆ ಇಲ್ಲ. ಆದರೆ ಗೆರೆ ಹತ್ತಡಿ ಸರಿದರೆ ಹತ್ತಡಿಯ ಅಡಿಕೆಮರಗಳೂ ಸರಿಯುತ್ತವೆ, ಮತ್ತು ಮುಂಬಯಿಯಲ್ಲೋ ಕೊಲ್ಲಿಯಲ್ಲೋ ಇರುವ ಒಡೆಯನಿಗೆ ಆ ಮೂರು ವರ್ಷ ಹೊರಟದ್ದೂ ಮುಗಿದದ್ದೂ ತಿಳಿಯುವುದಿಲ್ಲ. ಇನ್ನು ಅಷ್ಟಭೋಗದ ಜಲ. ನಮ್ಮ ಗುಡ್ಡಗಳಲ್ಲಿ ಮುರಕಲ್ಲನ್ನು ಕೊರೆದು ನೀರು ತರುವ ಸುರಂಗಗಳು ಎಷ್ಟೋ ಕಡೆ ಪಕ್ಕದವರ ಜಾಗದ ಅಡಿಯಿಂದ ಹಾದುಬರುತ್ತವೆ. 20 ವರ್ಷ ಅಡೆತಡೆಯಿಲ್ಲದೆ, ಹಕ್ಕಾಗಿ, ಬಹಿರಂಗವಾಗಿ ಅನುಭವಿಸಿದ ಇಂಥ ಅನುಕೂಲವು 1882ರ ಅನುಭೋಗ ಹಕ್ಕುಗಳ ಕಾಯಿದೆಯಂತೆ ಹಕ್ಕೇ ಆಗಬಲ್ಲದು. ಆಕಾಶದಿಂದ ಅಳೆಯುವ ಯಂತ್ರಕ್ಕೆ ಅದು ಕಾಣುವುದಿಲ್ಲ. ಅದನ್ನು ನಕ್ಷೆಯಲ್ಲಿ ಬರೆಯುವ ಕಾಲಮೂ ನನಗೆ ಎಲ್ಲಿಯೂ ಕಾಣಲಿಲ್ಲ.

ನೋಂದಣಿ, ಕಂದಾಯ, ಸರ್ವೆ ಮೂರನ್ನೂ ಒಂದುಗೂಡಿಸಿದ ಜಾಲತಾಣಕ್ಕೆ ಸರಕಾರ ‘ಎನ್ಟೆ ಭೂಮಿ’, ಅಂದರೆ ‘ನನ್ನ ಭೂಮಿ’, ಎಂದು ಹೆಸರಿಟ್ಟಿದೆ. ಅದು ನಮ್ಮ ಮಂಜೇಶ್ವರ ತಾಲ್ಲೂಕಿನ ಉಜಾರು ಉಳುವಾರು ಗ್ರಾಮದಿಂದ ಆರಂಭವಾಯಿತೆಂಬುದು ನಮಗೆ ಹೆಮ್ಮೆಯ ವಿಷಯವೇ. ಆ ವ್ಯವಸ್ಥೆಯನ್ನು ನಾನು ವಿರೋಧಿಸುತ್ತಿಲ್ಲ. ಮೂರು ಕಚೇರಿಗಳ ನಡುವೆ ಚಪ್ಪಲಿ ಸವೆಸಿದವರಿಗೆ ಅದರ ಬೆಲೆ ಗೊತ್ತು. ಆದರೆ ‘ನನ್ನ ಭೂಮಿ’ ಎಂಬ ಹೆಸರಿನ ಕೆಳಗೆ ಕಾಣುವ ಪ್ರತಿಯೊಂದು ಪುಟದಲ್ಲಿ, ತೀರ್ವೆ ರಶೀದಿಯಲ್ಲಿ, ಕೈವಶ ಸರ್ಟಿಫಿಕೇಟಿನಲ್ಲಿ, 16ನೆಯ ನಿಯಮದ ಆ ಒಂದು ವಾಕ್ಯವನ್ನು ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಅಚ್ಚು ಹಾಕಿಸಬೇಕೆಂದು ಸಚಿವರಲ್ಲಿ ಬೇಡುತ್ತೇನೆ. ಅದಕ್ಕೆ ಹೊಸ ಕಾನೂನು ಬೇಡ, ಇರುವ ನಿಯಮವನ್ನು ಓದಿ ಹೇಳಿದರೆ ಸಾಕು. ಜಿಲ್ಲಾಧಿಕಾರಿಗಳಲ್ಲಿ ನನ್ನ ಬೇಡಿಕೆ, ಈ ಎರಡು ತಾಲ್ಲೂಕುಗಳ ಪ್ರತಿ ಸರ್ವೆ ಶಿಬಿರದಲ್ಲಿ ಕನ್ನಡದ ಹಳೆಯ ದಸ್ತಾವೇಜು ಓದಬಲ್ಲ ಒಬ್ಬರಾದರೂ ಇರಬೇಕು, ನೋಟೀಸು ಕನ್ನಡದಲ್ಲಿಯೂ ಬರಬೇಕು, ಮತ್ತು ಹಳೆಯ ಸರ್ವೆ ನಂಬ್ರಕ್ಕೆ ಹೊಸ ನಂಬ್ರ ಯಾವುದು ಎಂಬ ತಾಳೆಪಟ್ಟಿಯನ್ನು ಅಂತಿಮ ಅಧಿಸೂಚನೆಗೆ ಮೊದಲು ಪ್ರತಿ ಗ್ರಾಮದಲ್ಲಿ ತೂಗುಹಾಕಬೇಕು. ಭಾಷಾ ಅಲ್ಪಸಂಖ್ಯಾತರ ಪ್ರದೇಶವೆಂದು ಘೋಷಿತವಾದ ಕಡೆ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯುವುದನ್ನು 1969ರ ಕೇರಳದ ಅಧಿಕೃತ ಭಾಷಾ ಕಾಯಿದೆ ಒಪ್ಪಿಕೊಂಡಿದೆ. ನಾನು ಕೇಳುತ್ತಿರುವುದು ಔದಾರ್ಯವಲ್ಲ.

ನನ್ನ ನಾಡಬಾಂಧವರಲ್ಲಿ ವಿನಂತಿ ಇಷ್ಟೇ. ಅಟ್ಟದ ಪೆಟ್ಟಿಗೆಯನ್ನು ಈ ವಾರವೇ ಇಳಿಸಿ. ಮುನ್ನಾಧಾರಗಳನ್ನು (ಹಿಂದಿನ ದಸ್ತಾವೇಜುಗಳನ್ನು), ಕ್ರಯ ಸರ್ಟಿಫಿಕೇಟನ್ನು, ಹಳೆಯ ಪಾಲುಪಟ್ಟಿಯನ್ನು ಬೇರೆಬೇರೆ ಮಾಡಿ. ಕಳೆದುಹೋದದ್ದು ನೋಂದಣಿಯಾಗಿದ್ದರೆ ಕಚೇರಿಯಿಂದ ದೃಢೀಕೃತ ನಕಲು ತೆಗೆಯಿರಿ. ಅವುಗಳಿಗೆ ಪ್ಲಾಸ್ಟಿಕ್ ಅಂಟಿಸಬೇಡಿ, ಹಿಂಭಾಗದ ಮುದ್ರೆ ಮತ್ತು ಸಹಿ ಪರಿಶೀಲಿಸಲು ತೊಂದರೆಯಾಗುತ್ತದೆ.

ನೆರೆಮನೆಯ ಅಕ್ಕನವರ ಪಾಲುಪಟ್ಟಿಯನ್ನು ಆಮೇಲೆ ನಾನು ಬಿಡಿಸಿ ಓದಿದೆ. ಅವರ ಹೆಸರಿನಲ್ಲಿ ಪರದೆಯ ಮೇಲೆ ಬಂದ ಜಾಗದಲ್ಲಿ ಅವರ ತಾಯಿಯ ತಂಗಿಯ ಕವರಿಗೂ, ಅಂದರೆ ಕುಟುಂಬದ ಆ ಕವಲಿಗೂ, ಒಂದು ಪಾಲಿದೆ. ಆ ಮನೆಯವರು ಈಗ ಪುತ್ತೂರಿನ ಕಡೆ ಇದ್ದಾರಂತೆ. ಅಕ್ಕನವರಿಗೆ ಅದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವರಿಗೆ ಒಂದು ಕಾಗದ ಹಾಕಬೇಕಲ್ಲ’ ಎಂದರು. ಆ ಕಾಗದವನ್ನು ನಾನೇ ಬರೆದುಕೊಟ್ಟಿದ್ದೇನೆ. ಶಿಬಿರ ನಡೆಯುವ ಇತರ ಗ್ರಾಮಗಳಲ್ಲಿ ಹಳೆಯ ಕನ್ನಡದ ಕೂಡುಬರಹ ಓದುವವರು ಬೇಕಿದ್ದರೆ, ಕಣ್ಣು ನಡೆಯುವವರೆಗೆ ಸಂಬಳವಿಲ್ಲದೆ ಬಂದು ಕುಳಿತುಕೊಳ್ಳಲು ನಾನು ಸಿದ್ಧನಿದ್ದೇನೆ. ಒಂದು ಕುರ್ಚಿ ಮತ್ತು ಬೆಳಕು ಚೆನ್ನಾಗಿ ಬೀಳುವ ಕಿಟಕಿಯನ್ನು ಮಾತ್ರ ಇಲಾಖೆ ಒದಗಿಸಬೇಕು.

ಇತಿ ತಮ್ಮ ವಿಧೇಯ,
ಕಾಸರಗೋಡು ತಾಲ್ಲೂಕಿನ ಒಬ್ಬ ನಿವೃತ್ತ ದಸ್ತಾವೇಜು ಬರಹಗಾರ